ಹಳೆಯ ಕಂಪ್ಯೂಟರ್‌ನವರನ್ನು ಕೈಪಿಡಿಯಿಂದ ಅಳಿಸಬೇಡ

ತಂಗೀ,

ನಿಮ್ಮ ತೂಕ ಮತ್ತು ಬಿಲ್ಲಿನ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ವಿಂಡೋಸ್ 7ಕ್ಕೆ ಸಪೋರ್ಟ್ ಇರುವುದಿಲ್ಲ, ಕೈಪಿಡಿ ತಿದ್ದುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅಂದಿನಿಂದ ಆ ಮಾತು ನನ್ನ ತಲೆಯಲ್ಲೇ ಇದೆ. ‘ವಿಂಡೋಸ್ 7 ಅಂತ ಎಲ್ಲೆಲ್ಲಿ ಇದೆಯೋ ತೆಗೆದುಬಿಡು, ಅರ್ಧ ದಿನದ ಕೆಲಸ’ ಎಂದರಂತೆ ನಿನ್ನ ಮೇಲಿನವರು. ಅದು ಅರ್ಧ ದಿನದ ಕೆಲಸ ಅಲ್ಲವ್ವಾ.

ಸಪೋರ್ಟ್ ನಿಲ್ಲಿಸುವ ತೀರ್ಮಾನ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೈಕ್ರೋಸಾಫ್ಟೇ 2020ರ ಜನವರಿ 14ಕ್ಕೆ ಅದರ ಕೈಬಿಟ್ಟಿತು. ದುಡ್ಡು ಕಟ್ಟಿದ ಕಂಪನಿಗಳಿಗೆ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್ ಕೂಡ 2023ರ ಜನವರಿಗೆ ಮುಗಿಯಿತು. ಕ್ರೋಮ್ ಬ್ರೌಸರ್ ವಿಂಡೋಸ್ 7ರಲ್ಲಿ 109ನೇ ಆವೃತ್ತಿಗೇ ನಿಂತುಹೋಯಿತು. ಸಣ್ಣ ತಂಡವೊಂದು ಹಳೆಯದನ್ನೆಲ್ಲ ಎಷ್ಟು ಕಾಲ ಹೊತ್ತುಕೊಂಡು ನಡೆದೀತು? ಆದರೆ ಸಪೋರ್ಟ್ ನಿಂತ ದಿನ ಕೈಪಿಡಿ ಎಲ್ಲರಿಗಿಂತ ಹೆಚ್ಚು ಬೇಕಾಗುವುದು ಹಳೆಯ ಕಂಪ್ಯೂಟರ್ ಇಟ್ಟುಕೊಂಡವನಿಗೆ. ಅವನ ಸುದ್ದಿಯನ್ನೇ ಅಲ್ಲಿಂದ ಒರೆಸಿಬಿಟ್ಟರೆ ಅವನು ಯಾರನ್ನು ಕೇಳಬೇಕು?

ಅವನು ಯಾರೆಂದು ನಿನಗೆ ಗೊತ್ತು, ನೀನು ಲಿಂಗಸುಗೂರಿನಲ್ಲಿ ಬೆಳೆದವಳು. ಸಿಂಧನೂರಿನ ರೈಸ್ ಮಿಲ್ಲಿನ ವೇಬ್ರಿಡ್ಜ್ ಕೋಣೆಯನ್ನೊಮ್ಮೆ ನೆನಪಿಸಿಕೋ. ಹೊಟ್ಟಿನ ಧೂಳು ಒಳಗೆ ಹೋಗದಂತೆ ಸಿಪಿಯು ಮೇಲೆ ಹಳೆಯ ಟವೆಲ್ಲು. ತೂಕ ತೋರಿಸುವ ಪೆಟ್ಟಿಗೆಯಿಂದ ಬಂದ ಒಂಬತ್ತು ಪಿನ್ನಿನ ಕೇಬಲ್ಲನ್ನು ಕಂಪ್ಯೂಟರಿನ ಬೆನ್ನಿಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಅದರಲ್ಲಿ ಬಿಳಿ, ಗುಲಾಬಿ, ಹಳದಿ ಮೂರು ಪದರದ ಕಾಗದ. ಭತ್ತದ ಟ್ರ್ಯಾಕ್ಟರ್ ಮೇಲೆ ಹತ್ತುತ್ತದೆ, ತೂಕ ಪರದೆಗೆ ಬರುತ್ತದೆ, ಗುಮಾಸ್ತರು ಒಂದು ಕೀಲಿ ಒತ್ತುತ್ತಾರೆ, ಕರಕರ ಸದ್ದಿನೊಂದಿಗೆ ಚೀಟಿ ಹೊರಗೆ ಬರುತ್ತದೆ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಇದೇ ಕೆಲಸ.

ಈ ಮಾಲೀಕರು ಹೊಸ ಕಂಪ್ಯೂಟರ್ ಕೊಳ್ಳದೆ ಇರುವುದು ಜಿಪುಣತನದಿಂದ ಎಂದು ಪೇಟೆಯ ಹುಡುಗರು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಹಾಗಲ್ಲ. ಆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಈಗಿನ ಲ್ಯಾಪ್‌ಟಾಪಿನಲ್ಲಿ ಇಲ್ಲ. ಯುಎಸ್‌ಬಿ ಕನ್ವರ್ಟರ್ ತಂದರೆ ಪೋರ್ಟಿನ ನಂಬರು ಬದಲಾಗಬಹುದು, ಆಗ ತೂಕ ಪರದೆಗೆ ಬರುವುದಿಲ್ಲ. ಇನ್ನೊಂದು ಕಾರಣ, ಅದೇ ಕಂಪ್ಯೂಟರಿನಲ್ಲಿ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮ್ ಇರಬಹುದು, ಹಳೆಯ ಉದ್ರಿ-ಬಾಕಿ ಎಲ್ಲ ಅದರೊಳಗೇ ಕೂತಿರಬಹುದು. ಅಂಥ 16 ಬಿಟ್ ಪ್ರೋಗ್ರಾಮ್‌ಗಳು 32 ಬಿಟ್ ವಿಂಡೋಸ್‌ನಲ್ಲಷ್ಟೇ ಓಡುತ್ತವೆ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಾಗಾಗಿ ಒಂದು ಕಂಪ್ಯೂಟರ್ ಬದಲಿಸುವುದೆಂದರೆ ಅವರಿಗೆ ಕೇಬಲ್, ಪ್ರಿಂಟರ್, ಹಳೆಯ ಲೆಕ್ಕ ಮೂರನ್ನೂ ಒಟ್ಟಿಗೆ ಕದಲಿಸಿದಂತೆ. ಇದನ್ನು ಅರಿತು ಬರೆದರೆ ನಿನ್ನ ಕೈಪಿಡಿಯ ದನಿಯೇ ಬೇರೆಯಾಗುತ್ತದೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ದಾರಿಯ ಒಂದು ನಿಲುಗಡೆಯನ್ನು ಕೈಬಿಟ್ಟಿತು ಅಂದುಕೋ. ಅಲ್ಲಿನ ಬೋರ್ಡು ಕಿತ್ತುಕೊಂಡು ಹೋದರೆ ಜನ ಬಿಸಿಲಲ್ಲಿ ಕಾಯುತ್ತಲೇ ಇರುತ್ತಾರೆ. ಇಂಥ ದಿನದಿಂದ ಇಲ್ಲಿ ಬಸ್ಸು ನಿಲ್ಲುವುದಿಲ್ಲ, ಮಸ್ಕಿ ನಿಲ್ದಾಣಕ್ಕೆ ಹೋಗಿ ಎಂದು ಅದೇ ಬೋರ್ಡಿನ ಮೇಲೆ ಬರೆಯಬೇಕು. ನೀನು ಮಾಡಬೇಕಾದದ್ದೂ ಅಷ್ಟೇ.

ಇದಕ್ಕೆ ನಾನು ಕಂಡ ಒಳ್ಳೆಯ ಮಾದರಿ ಪೈಥಾನ್ ಭಾಷೆಯ ದಾಖಲೆ. ಮೈಕ್ರೋಸಾಫ್ಟ್ ಒಂದು ವಿಂಡೋಸನ್ನು ಎಲ್ಲಿಯವರೆಗೆ ವಿಸ್ತರಿತ ಬೆಂಬಲದಲ್ಲಿ ಇಟ್ಟಿರುತ್ತದೋ ಅಲ್ಲಿಯವರೆಗೆ ಮಾತ್ರ ನಮ್ಮ ಹೊಸ ಆವೃತ್ತಿಗಳೂ ಅದರಲ್ಲಿ ನಡೆಯುತ್ತವೆ ಎಂಬ ನಿಯಮವನ್ನು ಅವರು ಮೊದಲೇ ಬರೆದಿಟ್ಟಿದ್ದಾರೆ. ಪೆಪ್ 11 ಎಂದು ಅದರ ಹೆಸರು. ಆಮೇಲೆ ವಿಂಡೋಸ್‌ನಲ್ಲಿ ಪೈಥಾನ್ ಬಳಸುವ ಪುಟದಲ್ಲಿ ನೇರವಾಗಿ ಹೇಳುತ್ತಾರೆ: ನಿಮಗೆ ವಿಂಡೋಸ್ 7 ಬೇಕೇ ಬೇಕೆಂದರೆ ಪೈಥಾನ್ 3.8 ಹಾಕಿಕೊಳ್ಳಿ, ವಿಂಡೋಸ್ 8.1 ಆದರೆ 3.12 ಹಾಕಿಕೊಳ್ಳಿ. ಎರಡೇ ಸಾಲು. ಯಾಕೆ ಬಿಟ್ಟಿರಿ ಎಂಬ ವಾದಕ್ಕೆ ಎಡೆಯಿಲ್ಲ, ಮುಂದೇನು ಮಾಡಲಿ ಎನ್ನುವವನಿಗೆ ಉತ್ತರವೂ ಸಿಕ್ಕಿತು. ನಿನ್ನ ಕೈಪಿಡಿಯ ಮೊದಲ ಪುಟದಲ್ಲೇ ಇಂಥ ಎರಡು ಸಾಲು ಇರಲಿ: ವಿಂಡೋಸ್ 7ರಲ್ಲಿ ನಡೆಯುವ ನಮ್ಮ ಕೊನೆಯ ಆವೃತ್ತಿ ಯಾವುದು, ಅದು ಎಲ್ಲಿ ಸಿಗುತ್ತದೆ. ಆ ಕೊನೆಯ ಆವೃತ್ತಿಯ ಕೈಪಿಡಿಯನ್ನು ಯಾರೂ ಅಳಿಸದಂತೆ ನೋಡಿಕೋ. ಅದರ ಮೇಲ್ಭಾಗದಲ್ಲಿ ಇದು ಹಳೆಯದು ಎಂದು ಬರೆದು ಹಾಗೇ ಇಡು.

ಇನ್ನೊಂದು, ‘ಸಪೋರ್ಟ್ ಇಲ್ಲ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳಬೇಡ. ಅದನ್ನು ಓದಿದ ಗುಮಾಸ್ತರಿಗೆ ನಾಳೆಯಿಂದ ಯಂತ್ರವೇ ನಿಂತುಹೋಗುತ್ತದೆ ಎಂದು ಗಾಬರಿಯಾಗುತ್ತದೆ. ಹೊಸ ಆವೃತ್ತಿ ಇನ್‌ಸ್ಟಾಲ್ ಆಗುವುದೇ ಇಲ್ಲವೋ, ಆದರೂ ನೀವು ಪರೀಕ್ಷಿಸಿಲ್ಲವೋ, ಹಳೆಯ ಆವೃತ್ತಿ ಓಡುತ್ತದೆ ಆದರೆ ಕೆಟ್ಟರೆ ಫೋನಿನಲ್ಲಿ ನೆರವು ಕೊಡುವುದಿಲ್ಲವೋ, ಇದರಲ್ಲಿ ಯಾವುದೆಂದು ಬಿಡಿಸಿ ಹೇಳು. ವಿಂಡೋಸ್ 10ರ ವಿಚಾರದಲ್ಲಿ ಜನ ಗೊಂದಲಕ್ಕೆ ಬಿದ್ದದ್ದು ಇಲ್ಲೇ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಆದರೆ ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಇದೆ ಎಂದಿತು ಮೈಕ್ರೋಸಾಫ್ಟ್. ನಿನ್ನ ಮುಂದಿನ ಸರದಿ ವಿಂಡೋಸ್ 10ರದೇ, ಈಗಲೇ ಅದಕ್ಕೊಂದು ಜಾಗ ಬಿಟ್ಟುಕೊಂಡಿರು.

ಈಗ ಹುಡುಕಾಟದ ಮಾತು. ‘ವಿಂಡೋಸ್ 7’ ಎಂದು ಹುಡುಕಿದರೆ ನಿನಗೆ ಸಿಗುವುದು ಸ್ವಲ್ಪವೇ. ಹಳೆಯದು ಅವಿತುಕೊಂಡಿರುವುದು ಬೇರೆ ಕಡೆ. ಸ್ಟಾರ್ಟ್ ಗುಂಡಿ ಒತ್ತಿ ಆಲ್ ಪ್ರೋಗ್ರಾಮ್ಸ್‌ಗೆ ಹೋಗಿ ಎಂಬ ಸಾಲಿನಲ್ಲಿದೆ. ದುಂಡನೆಯ ಸ್ಟಾರ್ಟ್ ಗುಂಡಿ ಕಾಣುವ ಪರದೆಯ ಚಿತ್ರಗಳಲ್ಲಿದೆ. ವರದಿಯನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ತೆರೆಯಿರಿ ಎಂಬಲ್ಲಿದೆ, ಅದನ್ನೂ 2022ರ ಜೂನ್ 15ಕ್ಕೆ ನಿಲ್ಲಿಸಿದರು. ಇನ್‌ಸ್ಟಾಲ್ ಆಗದಿದ್ದಾಗ ಪರದೆ ಮೇಲೆ ಬರುವ ಎಚ್ಚರಿಕೆಯ ಮಾತನ್ನಂತೂ ಕೈಪಿಡಿಯವರು ನೋಡುವುದೇ ಇಲ್ಲ, ಅದು ಪ್ರೋಗ್ರಾಮರ್ ಕೆಲಸ ಎಂದು ಬಿಡುತ್ತಾರೆ. ನೀನು ಬಿಡಬೇಡ. ಮಿಲ್ಲಿನವರು ಮೊದಲು ಓದುವುದೇ ಆ ಮಾತನ್ನು. ಅಲ್ಲಿ ದೋಷದ ಸಂಖ್ಯೆಯ ಬದಲು ಕನ್ನಡದ ಒಂದು ವಾಕ್ಯ ಮತ್ತು ಹಳೆಯ ಆವೃತ್ತಿ ಸಿಗುವ ಜಾಗ ಇರುವಂತೆ ನಿನ್ನ ತಂಡದವರ ಹತ್ತಿರ ಜಗಳವಾಡಿಯಾದರೂ ಮಾಡಿಸು.

ಕನ್ನಡದ್ದೇ ಒಂದು ತೊಡಕಿದೆ, ಇಂಗ್ಲಿಷ್ ಕೈಪಿಡಿ ಬರೆದವರಿಗೆ ಅದು ಹೊಳೆಯುವುದಿಲ್ಲ. ಹಳೆಯ ಪುಟದಲ್ಲಿ ‘ಫಾಂಟ್ ತುಂಗಾ ಆರಿಸಿ’ ಎಂದಿದ್ದರೆ ವಿಂಡೋಸ್ 7ರವರೆಗೆ ಸರಿ, ಅದರಲ್ಲಿ ತುಂಗಾ ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಲ್ಲಿ ಕನ್ನಡಕ್ಕೆ ಸಿಗುವುದು ನಿರ್ಮಲಾ ಯುಐ. ತುಂಗಾ ಬೇಕೆಂದರೆ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಪೂರಕ ಫಾಂಟುಗಳನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಫಾಂಟ್ ಬದಲಾದರೆ ಅಳತೆ ಬದಲಾಗುತ್ತದೆ, ರೈತನ ಹೆಸರು ಚೀಟಿಯ ಗೆರೆ ದಾಟಿ ತೂಕದ ಅಂಕಿಯ ಮೇಲೆ ಕೂರಬಹುದು. ಇನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದೆ ಟೈಪಿಸಿದ ಗಿರಾಕಿಗಳ ಪಟ್ಟಿ ಇದ್ದರೆ ಹೊಸ ಪರದೆಯಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಡೇಟಾ ಹಾಳಾಯಿತು ಎಂದು ಜನ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಹಾಳಾಗಿರುವುದಿಲ್ಲ, ನುಡಿಯ ಪರಿವರ್ತಕದಲ್ಲೇ ಅದನ್ನು ಯೂನಿಕೋಡ್‌ಗೆ ತರಬಹುದು. ಈ ಒಂದು ಪುಟವನ್ನು ಚಿತ್ರ ಸಮೇತ ಬರೆ. ಮೊದಲು ಬ್ಯಾಕಪ್, ಆಮೇಲೆ ಪರಿವರ್ತನೆ, ಆಮೇಲೆ ಹೊಸ ಕಂಪ್ಯೂಟರ್, ಈ ಅನುಕ್ರಮ ತಪ್ಪದಿರಲಿ.

ಹಳೆಯದರಲ್ಲೇ ಉಳಿಯುವವರಿಗೆ ಅಪಾಯವನ್ನೂ ಮುಚ್ಚಿಡಬಾರದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದಾಗ ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದೆ ಇದ್ದವರ ಫೈಲುಗಳು ಬೀಗ ಬಿದ್ದು ಕೂತವು. ವಿಂಡೋಸ್ 7ಕ್ಕೆ ಈಗ ಅಂಥ ಅಪ್‌ಡೇಟೇ ಬರುವುದಿಲ್ಲ. ಆ ಕಂಪ್ಯೂಟರನ್ನು ತೂಕಕ್ಕಷ್ಟೇ ಇಟ್ಟುಕೊಳ್ಳಿ, ಇಂಟರ್ನೆಟ್ ತಂತಿ ತೆಗೆಯಿರಿ, ಬ್ಯಾಂಕಿನ ವ್ಯವಹಾರ, ಇ-ವೇ ಬಿಲ್ ಬೇರೆ ಕಂಪ್ಯೂಟರಿನಲ್ಲಿ ಮಾಡಿ ಎಂದು ಬರೆ. ಹೆದರಿಸುವ ಭಾಷೆ ಬೇಡ, ಮನೆಯವರಿಗೆ ಹೇಳಿದ ಹಾಗಿರಲಿ.

ಇಂಗ್ಲಿಷ್ ಕೈಪಿಡಿ ಇವತ್ತು ತಿದ್ದಿ, ಕನ್ನಡದ್ದನ್ನು ಆಮೇಲೆ ನೋಡೋಣ ಎಂಬ ಮಾತು ನಿಮ್ಮಲ್ಲೂ ಬರುತ್ತದೆ. ಒಪ್ಪಬೇಡ. ಮಸ್ಕಿಯ ದಲಾಲಿ ಅಂಗಡಿಯವರು ಓದುವುದು ಕನ್ನಡದ್ದನ್ನು. ಅದು ಒಬ್ಬರಿಂದೊಬ್ಬರಿಗೆ ವಾಟ್ಸಾಪ್‌ನಲ್ಲಿ ಹೋಗುತ್ತದೆ, ಝೆರಾಕ್ಸ್ ಆಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಗೋಡೆಯ ಮೇಲಿನ ಹಾಳೆಯನ್ನು ನೀನು ಬೆಂಗಳೂರಿನಲ್ಲಿ ಕೂತು ತಿದ್ದಲಾರೆ. ಅದಕ್ಕೇ ಪ್ರತಿ ಪುಟದ ಕೆಳಗೆ ಆವೃತ್ತಿಯ ಸಂಖ್ಯೆ, ತಿದ್ದಿದ ತಿಂಗಳು ಮತ್ತು ವರ್ಷ ಅಚ್ಚಾಗಲಿ. ಯಾವ ಹಾಳೆ ಹಳೆಯದೆಂದು ಯಾರಿಗೂ ಫೋನ್ ಮಾಡದೆ ತಿಳಿಯಬೇಕು.

ಕರಡು ಸಿದ್ಧವಾದ ಮೇಲೆ ಆಫೀಸಿನವರಿಗೆ ಮಾತ್ರ ತೋರಿಸಿ ಮುಗಿಸಬೇಡ. ಊರಿಗೆ ಬಂದಾಗ ಸಿಂಧನೂರಿಗೆ ಹೋಗಿ ಒಂದು ಮಿಲ್ಲಿನ ಗುಮಾಸ್ತರ ಕೈಗೆ ಅದನ್ನು ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತುಕೋ. ಅವರು ಎಲ್ಲಿ ಬೆರಳಿಟ್ಟು ಎರಡನೇ ಸಲ ಓದುತ್ತಾರೋ ಆ ಸಾಲನ್ನು ತಿರುಗಿ ಬರೆ. ಮುಂಗಾರಿನ ಭತ್ತ ಮಿಲ್ಲಿಗೆ ಬರಲು ಶುರುವಾದರೆ ಅವರಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಹೊಸ ಆವೃತ್ತಿಯನ್ನೂ ತಿದ್ದಿದ ಕೈಪಿಡಿಯನ್ನೂ ಅದಕ್ಕೆ ಮೊದಲೇ ಅವರ ಕೈ ಸೇರಿಸು.