ಪಿಜ್ಜಾ ರಸದ ಪರಿಮಳವೂ ಆವಿಯ ಒತ್ತಡವೂ

ಕಳೆದ ವರ್ಷ ನಮ್ಮ ಮನೆಯಲ್ಲಿ ಪಿಜ್ಜಾ ತಯಾರಿಸುವ ಸಾಹಸವೊಂದು ನಡೆಯಿತು. ರೊಟ್ಟಿಯ ಮೇಲೆ ಸವರುವ ಟೊಮೇಟೊ ರಸವನ್ನು ಅಂಗಡಿಯಿಂದ ತರದೆ ನಾನೇ ಕುದಿಸುವೆನೆಂದು ಹೊರಟೆ. ಕುಂಡದಲ್ಲಿ ಬೆಳೆದಿದ್ದ ಕಾಮಕಸ್ತೂರಿಯ ಎಲೆಗಳನ್ನು ಒಂದು ಹಿಡಿ ಕಿತ್ತು, ಟೊಮೇಟೊವಿನೊಡನೆಯೇ ಬಾಣಲೆಗೆ ಹಾಕಿ, ಮುಕ್ಕಾಲು ಗಂಟೆ ಬೇಯಿಸಿದೆ. ಮನೆಯೆಲ್ಲ ಘಮಘಮಿಸಿತು, ಪಕ್ಕದ ಮನೆಯವರು ಬಂದು ಏನು ವಿಶೇಷವೆಂದು ವಿಚಾರಿಸಿದರು. ಆದರೆ ರಸವನ್ನು ನಾಲಿಗೆಗೆ ಹಚ್ಚಿಕೊಂಡಾಗ ಹುಳಿಯೂ ಉಪ್ಪೂ ತಿಳಿದುವೇ ಹೊರತು ಕಾಮಕಸ್ತೂರಿಯ ಸುಳಿವೇ ಇರಲಿಲ್ಲ. ಅದೆಲ್ಲ ನೆರೆಮನೆಯವರ ಪಾಲಾಗಿತ್ತು.

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಸುಗಂಧವಸ್ತು ಆವಿಯಾಗಿ ಹೋಯಿತೆನ್ನುವಿರಿ. ಕಾಮಕಸ್ತೂರಿಯ ಲಿನಲೂಲ್ ಕುದಿಯುವುದು ೧೯೮ ಡಿಗ್ರಿ ಸೆಂಟಿಗ್ರೇಡಿನಲ್ಲಿ. ನೀರಿರುವ ಬಾಣಲೆಯ ಉಷ್ಣತೆ ೧೦೦ ಡಿಗ್ರಿಯನ್ನು ಅಷ್ಟಾಗಿ ಮೀರದು. ಹೀಗಿರುವಾಗ ಅದು ಹೋದದ್ದು ಹೇಗೆ?" ಪ್ರಶ್ನೆ ಬಹಳ ಸೊಗಸಾದುದು. ಮರುದಿನ ಉತ್ತರಿಸುವೆನೆಂದು ಹೇಳಿ ಆ ದಿನ ನಾನು ತಪ್ಪಿಸಿಕೊಂಡೆ. ಅಂದು ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ಮೊದಲು ರಸದಲ್ಲಿ ಬೀಳುವ ಸೊಪ್ಪುಗಳ ಪರಿಚಯವಾಗಲಿ. ಪಿಜ್ಜಾದ ತವರು ಇಟಲಿಯ ನೇಪಲ್ಸ್ ನಗರ. ಅಲ್ಲಿನ ಪಿಜ್ಜಾ ಬಾಣಸಿಗರ ಕಲೆಯನ್ನು ಯುನೆಸ್ಕೊ ಸಂಸ್ಥೆ ೨೦೧೭ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಊರಿನ ಹಳೆಯ ಬಗೆಗಳು ಎರಡು. ಮರಿನಾರಾ ಎಂಬುದರಲ್ಲಿ ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ ಎಂಬ ಸೊಪ್ಪು, ಆಲಿವ್ ಎಣ್ಣೆ ಇಷ್ಟೇ. ಮಾರ್ಗರಿತಾ ಎಂಬುದರಲ್ಲಿ ಗಿಣ್ಣೂ ಬೇಸಿಲ್ ಎಲೆಯೂ ಉಂಟು. ಈ ಬೇಸಿಲ್ ನಮಗೆ ಅಪರಿಚಿತವಲ್ಲ. ನಾವು ಕಾಮಕಸ್ತೂರಿಯೆಂದು ಕರೆಯುವ, ತುಳಸಿಯ ದಾಯಾದಿಯಾದ ಗಿಡವೇ ಅದು. ಒರೆಗಾನೊ ನಮ್ಮ ಕಡೆಯ ಹಿತ್ತಿಲುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಗಿಡವಲ್ಲ. ಆದರೆ ಅದರ ವಾಸನೆಗೆ ಮುಖ್ಯ ಕಾರಣವಾದ ಕಾರ್ವಕ್ರೋಲ್ ನಮ್ಮ ಹಿತ್ತಿಲ ದೊಡ್ಡಪತ್ರೆಯಲ್ಲಿಯೂ ಇರುವುದು. ಓಮದ ಥೈಮೋಲ್ ಎಂಬುದು ಕಾರ್ವಕ್ರೋಲಿನ ಅವಳಿಯಂತಿರುವ ವಸ್ತು: ಎರಡರಲ್ಲಿಯೂ ೧೦ ಇಂಗಾಲ, ೧೪ ಜಲಜನಕ, ೧ ಆಮ್ಲಜನಕ ಪರಮಾಣುಗಳು, ಜೋಡಣೆಯಲ್ಲಿ ಮಾತ್ರ ವ್ಯತ್ಯಾಸ. ಆದುದರಿಂದಲೇ ಪಿಜ್ಜಾವನ್ನು ಮೊದಲ ಸಲ ಮೂಸಿದ ನಮ್ಮ ಅಜ್ಜಿಯಂದಿರು "ಓಮ ಹಾಕಿದ್ದಾರೆಯೆ?" ಎಂದು ಕೇಳಿದರೆ ಅವರ ಮೂಗನ್ನು ಮೆಚ್ಚಿಕೊಳ್ಳಬೇಕು.

ನೇಪಲ್ಸಿನ ಬಾಣಸಿಗರು ರಸವನ್ನು ಮುಂಚಿತವಾಗಿ ಕುದಿಸುವುದಿಲ್ಲ. ಹಿಸುಕಿದ ಟೊಮೇಟೊವನ್ನು ಹಸಿಯಾಗಿಯೇ ಸವರಿ, ಸುಮಾರು ೪೫೦ ಡಿಗ್ರಿಯ ಸೌದೆ ಒಲೆಯಲ್ಲಿ ೬೦ರಿಂದ ೯೦ ಸೆಕೆಂಡು ಮಾತ್ರ ಇಡುವರು. ಬಹಳ ಹೊತ್ತು ಕುದಿಸಿದ, ಒಣ ಒರೆಗಾನೊ ಬೆರೆಸಿದ ರಸ ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಹೆಚ್ಚು ಪ್ರಚಾರಕ್ಕೆ ಬಂದುದು. ನಮ್ಮ ಸಮಸ್ಯೆ ಇರುವುದು ಈ ಕುದಿಸುವ ರಸದಲ್ಲಿಯೇ.

ಈಗ ಪ್ರಶ್ನೆಗೆ ಬರೋಣ. ದ್ರವವು ಆವಿಯಾಗಲು ಅದು ಕುದಿಯಲೇಬೇಕೆಂಬ ನಿಯಮವಿಲ್ಲ. ಕರ್ಪೂರ ಕುದಿಯುವುದು ೨೦೦ ಡಿಗ್ರಿಗೂ ಮೇಲೆ. ಆದರೂ ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ಅದು ದಿನದಿನಕ್ಕೂ ಸವೆಯುವುದನ್ನು ಎಲ್ಲರೂ ಬಲ್ಲರು. ಪ್ರತಿಯೊಂದು ವಸ್ತುವೂ ಪ್ರತಿಯೊಂದು ಉಷ್ಣತೆಯಲ್ಲಿಯೂ ತನ್ನದೇ ಆದ ಆವಿಯೊತ್ತಡವನ್ನು ಬೀರುತ್ತಿರುವುದು. ಈ ಒತ್ತಡವು ವಾಯುಮಂಡಲದ ಒತ್ತಡಕ್ಕೆ, ಎಂದರೆ ಪಾದರಸದ ೭೬೦ ಮಿಲಿಮೀಟರಿಗೆ, ಸಮನಾದಾಗ ದ್ರವದ ಒಡಲಿನಲ್ಲಿಯೇ ಗುಳ್ಳೆಗಳೆದ್ದು ಅದು ಕುದಿಯತೊಡಗುವುದು. ಕೈಪಿಡಿಯಲ್ಲಿರುವ ೧೯೮ ಡಿಗ್ರಿ ಲಿನಲೂಲ್ ಒಂಟಿಯಾಗಿದ್ದಾಗಿನ ಮಾತು.

ನೀರು ಜೊತೆಗೂಡಿದಾಗ ಸ್ವಾರಸ್ಯವಿರುವುದು. ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ಒಂದೇ ಪಾತ್ರೆಯಲ್ಲಿದ್ದರೆ ಒಂದರ ಇರವನ್ನು ಇನ್ನೊಂದು ಲೆಕ್ಕಿಸುವುದಿಲ್ಲ; ಪ್ರತಿಯೊಂದೂ ತನ್ನ ಪೂರ್ಣ ಆವಿಯೊತ್ತಡವನ್ನು ಬೀರುವುದು. ಡಾಲ್ಟನ್ ಕಂಡುಹಿಡಿದ ನಿಯಮದಂತೆ ಈ ಒತ್ತಡಗಳು ಕೂಡಿಕೊಳ್ಳುವುವು. ೯೯ ಡಿಗ್ರಿಯಲ್ಲಿ ನೀರಿನ ಆವಿಯೊತ್ತಡ ೭೩೩ ಮಿಲಿಮೀಟರ್. ಅದೇ ಉಷ್ಣತೆಯಲ್ಲಿ ಲಿನಲೂಲಿನದು ಸುಮಾರು ೨೬. ಕೂಡಿಸಿ ನೋಡಿರಿ: ೭೫೯. ಎಂದರೆ, ನೀರೊಂದೇ ಕುದಿಯುವುದಕ್ಕೆ ಮೊದಲೇ, ೯೯ ಡಿಗ್ರಿಯ ಸುಮಾರಿನಲ್ಲಿ, ಇವೆರಡರ ಜೋಡಿ ಕುದಿಯತೊಡಗುವುದು!

೨೬ ಎಂಬುದು ಅಲ್ಪವಲ್ಲವೆ ಎಂದು ಕೇಳಬಹುದು. ಅಣುಗಳ ಎಣಿಕೆಯಲ್ಲಿ ಅಲ್ಪವೇ. ೨೮ ನೀರಿನ ಅಣುಗಳಿಗೆ ಲಿನಲೂಲಿನ ಒಂದು ಅಣು. ಆದರೆ ನೀರಿನ ಅಣುಭಾರ ೧೮, ಲಿನಲೂಲಿನದು ೧೫೪. ಗುಣಿಸಿದರೆ, ೫೦೪ ಗ್ರಾಂ ನೀರಾವಿ ತನ್ನೊಡನೆ ೧೫೪ ಗ್ರಾಂ ಸುಗಂಧವನ್ನು ಹೊತ್ತೊಯ್ಯುವುದೆಂದಾಯಿತು, ನೂರಕ್ಕೆ ಮೂವತ್ತರಷ್ಟು! ಬಾಣಲೆಯಲ್ಲಿ ಲೆಕ್ಕ ಇಷ್ಟು ನೇರವಲ್ಲ, ನಿಜ. ಹಸಿಯ ಎಲೆಯಲ್ಲಿ ಸುಗಂಧತೈಲ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಅದರಲ್ಲಿಯೂ ಕೊಂಚ ನೀರಿನಲ್ಲಿ ಕರಗಿಕೊಂಡಿರುವುದು. ಆದರೆ ನೀರಿನೊಡನೆ ಅದಕ್ಕೆ ಸ್ನೇಹ ಕಡಮೆಯಾದ್ದರಿಂದ ಅವಕಾಶ ದೊರೆತೊಡನೆ ಅದು ಆವಿಯ ಕಡೆಗೇ ಓಡುವುದು. ಇದ್ದುದೇ ಅಷ್ಟು ಸ್ವಲ್ಪವಾದಾಗ ಮುಕ್ಕಾಲು ಗಂಟೆಯ ಕುದಿತಕ್ಕೆ ಉಳಿಯುವುದೇನು?

ಇದೇ ತತ್ತ್ವವನ್ನು ಬೇಕೆಂದೇ ಉಪಯೋಗಿಸುವವರೂ ಇದ್ದಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನವು ಆರಂಭಿಸಿದ ಶ್ರೀಗಂಧದ ಎಣ್ಣೆಯ ಉದ್ಯಮದಲ್ಲಿ ಗಂಧದ ಚಕ್ಕೆಯ ಪುಡಿಯೊಳಗೆ ನೀರಾವಿಯನ್ನು ಹಾಯಿಸಿ, ಹೊರಬಂದ ಆವಿಯನ್ನು ತಣಿಸಿ ಎಣ್ಣೆಯನ್ನು ಬೇರ್ಪಡಿಸುವರು. ನಾನು ಮನೆಯಲ್ಲಿ ನಡೆಸಿದುದೂ ಅದೇ ಕೈಗಾರಿಕೆಯೇ. ತಣಿಸುವ ಕೊಳವೆಯೊಂದನ್ನು ಮರೆತಿದ್ದೆ, ಅಷ್ಟೆ.

ಹಾಗಾದರೆ ಪರಿಮಳವನ್ನು ರಸದಲ್ಲಿ ಹಿಡಿದಿಡುವುದು ಹೇಗೆ? ಇಲ್ಲಿ ಎಣ್ಣೆ ನೆರವಿಗೆ ಬರುವುದು. ಲಿನಲೂಲ್, ಕಾರ್ವಕ್ರೋಲ್ ಮೊದಲಾದುವು ಎಣ್ಣೆಯಲ್ಲಿ ಸಲೀಸಾಗಿ ಬೆರೆಯುವುವು. ಹೀಗೆ ಬೆರೆತ ವಸ್ತುವಿನ ಆವಿಯೊತ್ತಡ ಅದರ ಪಾಲಿಗೆ ತಕ್ಕಂತೆ ಇಳಿಯುವುದೆಂದು ಫ್ರಾನ್ಸಿನ ರೌಲ್ಟ್ ಎಂಬ ವಿಜ್ಞಾನಿ ೧೮೮೦ರ ದಶಕದಲ್ಲಿ ತೋರಿಸಿದನು. ಜಾತ್ರೆಯ ಗುಂಪಿನ ನಡುವೆ ಸಿಕ್ಕಿಕೊಂಡವನಿಗೆ ಬಾಗಿಲನ್ನು ತಲಪುವುದು ಎಷ್ಟು ಕಷ್ಟವೋ ಎಣ್ಣೆಯಲ್ಲಿ ಚೆದರಿಹೋದ ಸುಗಂಧದ ಅಣುವಿಗೂ ಅಷ್ಟೇ ಕಷ್ಟ. ಇಟಲಿಯವರು ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಬೆಚ್ಚಗೆ ಮಾಡುವುದರಲ್ಲಿಯೂ ನಾವು ಒಗ್ಗರಣೆಗೆ ಇಂಗು ಹಾಕುವುದರಲ್ಲಿಯೂ ಇರುವ ಮರ್ಮ ಒಂದೇ. ಎಣ್ಣೆ ಪಲಾಯನವನ್ನು ತಡಮಾಡುವುದೇ ಹೊರತು ತಡೆದುಬಿಡುವುದಿಲ್ಲ. ಜೊತೆಗೆ, ನೀರಿಲ್ಲದ ಎಣ್ಣೆಯ ಉಷ್ಣತೆಗೆ ೧೦೦ ಡಿಗ್ರಿಯ ಕಡಿವಾಣವಿಲ್ಲವಾದುದರಿಂದ ಒಂದು ಗಳಿಗೆ ಮೈಮರೆತರೆ ಬೆಳ್ಳುಳ್ಳಿ ಕರಿದು ಕಹಿಯಾಗುವುದು.

ಎಲ್ಲ ಸಾಂಬಾರಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಕಾರ್ವಕ್ರೋಲ್ ಕುದಿಯುವುದು ೨೩೭ ಡಿಗ್ರಿಯ ಆಸುಪಾಸಿನಲ್ಲಿ; ಅದರ ಆವಿಯೊತ್ತಡ ಲಿನಲೂಲಿನದಕ್ಕಿಂತ ಹಲವು ಪಾಲು ಕಡಮೆ. ಒರೆಗಾನೊ ಒಣಗಿದರೂ ವಾಸನೆ ಬಿಡದಿರುವುದಕ್ಕೂ, ಅದನ್ನು ಮೊದಲೇ ಹಾಕಿದರೆ ನಡೆಯುವುದಕ್ಕೂ, ಒಣ ಬೇಸಿಲ್ ಹುಲ್ಲಿನಂತಾಗುವುದಕ್ಕೂ ಇದು ಮುಖ್ಯ ಕಾರಣ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಅಂತೂ ಹೊರಡುವ ಗೋಜಿಗೇ ಹೋಗುವುದಿಲ್ಲ; ಖಾರ ಹೆಚ್ಚಾದ ರಸವನ್ನು ಎಷ್ಟು ಕುದಿಸಿದರೂ ಖಾರ ಇಳಿಯದು.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಗಿಡದ ಕಾಮಕಸ್ತೂರಿ ಎಲೆಗಳನ್ನು ಎರಡು ಸಮಪಾಲು ಮಾಡಿರಿ. ಒಂದನ್ನು ಟೊಮೇಟೊ ರಸದೊಡನೆ ಮುಚ್ಚಳವಿಲ್ಲದೆ ಅರ್ಧ ಗಂಟೆ ಕುದಿಸಿರಿ. ಇನ್ನೊಂದನ್ನು ನೀರಿನ ಪಸೆ ಹೋಗುವಂತೆ ಒರಸಿ, ಹೆಚ್ಚಿ, ಎರಡು ಚಮಚ ತಣ್ಣನೆಯ ಎಣ್ಣೆಯಲ್ಲಿ ಕಲಸಿಟ್ಟು, ಅಷ್ಟೇ ಹೊತ್ತು ಕುದಿಸಿ ಒಲೆಯಿಂದ ಇಳಿಸಿದ ಬೇರೊಂದು ರಸಕ್ಕೆ ಬೆರೆಸಿರಿ. ಯಾವುದು ಯಾವುದೆಂದು ತಿಳಿಯದ ಮನೆಯವರೊಬ್ಬರಿಗೆ ಎರಡನ್ನೂ ರುಚಿ ನೋಡಲು ಕೊಡಿರಿ.

ನಾನೂ ಎರಡನೆಯ ಸಲ ಹೀಗೆಯೇ ಮಾಡಿದೆ. ರಸ ಘಮಘಮಿಸುತ್ತಿತ್ತು. ಪಕ್ಕದ ಮನೆಯವರು ಮಾತ್ರ ಬರಲಿಲ್ಲ.