ರಫ್ತು ದ್ರಾಕ್ಷಿ: ಸುಂಕ ಇಳಿದರೂ ಸ್ಯಾಂಪಲ್ ಫೇಲಾಗುವುದೇಕೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ದ್ರಾಕ್ಷಿ ಸೀಮೆಯಲ್ಲಿ ಕೊಯ್ಲಿನ ಹಂಗಾಮು ಬಂತೆಂದರೆ ಒಂದೇ ದೂರು. ಗೊನೆ ಸಡಿಲವಾಗಿ ಚೆನ್ನಾಗಿ ಇಳಿದಿದೆ, ಕಾಳು ದಪ್ಪವಾಗಿದೆ, ಸಿಹಿಯೂ ಬಂದಿದೆ, ಆದರೆ ಪ್ರಯೋಗಾಲಯದಲ್ಲಿ ಸ್ಯಾಂಪಲ್ ಫೇಲ್. ರಫ್ತುದಾರ ಬೆನ್ನು ತಿರುಗಿಸಿ ಹೋಗುತ್ತಾನೆ, ಮಾಲು ಊರ ಪೇಟೆಗೆ ಇಲ್ಲವೇ ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತದೆ. ಹೊಸ ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಇನ್ನು ಈ ಕಾಟ ತಪ್ಪಿತು ಎಂಬ ಮಾತು ತೋಟಗಳಲ್ಲಿ ಹರಿದಾಡುತ್ತದೆ. ಅದು ತಪ್ಪು ತಿಳಿವಳಿಕೆ. ಒಪ್ಪಂದಗಳು ಇಳಿಸುವುದು ಸುಂಕವನ್ನು. ಸ್ಯಾಂಪಲ್ ಫೇಲ್ ಮಾಡುವುದು ಔಷಧದ ಉಳಿಕೆ.

ಸುಂಕದ ವಿಷಯ ಬೇಗ ಮುಗಿಯುತ್ತದೆ. ಚಿಲಿ, ಪೆರು ದೇಶಗಳಿಗೆ ಯುರೋಪಿನ ಜೊತೆ ಒಪ್ಪಂದವಿರುವುದರಿಂದ ಅಲ್ಲಿನ ದ್ರಾಕ್ಷಿಗೆ ಸುಂಕದ ವಿನಾಯಿತಿ ಸಿಗುತ್ತ ಬಂದಿದೆ. ಸುಂಕ ತೆತ್ತು ಹೋಗುವ ಭಾರತದ ದ್ರಾಕ್ಷಿ ಪ್ರತಿ ಕಿಲೋದಲ್ಲೂ ಆ ಮಟ್ಟಿಗೆ ಹಿಂದೆ ಬೀಳುತ್ತದೆ. ಬ್ರಿಟನ್ ಜೊತೆ ಭಾರತ 2025ರ ಜುಲೈ 24ರಂದು ಸಹಿ ಹಾಕಿದ ಒಪ್ಪಂದದಲ್ಲಿ ಭಾರತದ ಸುಮಾರು ಶೇಕಡಾ 99ರಷ್ಟು ಸರಕುಗಳಿಗೆ ಸುಂಕ ತೆಗೆಯುವ ಮಾತಿದೆ. ಬಾಂಗ್ಲಾದೇಶದಲ್ಲಿ ಕಥೆ ಬೇರೆ. ಅಲ್ಲಿ ಉಳಿಕೆಯ ಕಿರಿಕಿರಿ ಕಡಿಮೆ, ಆದರೆ ಆಮದು ಸುಂಕ ಏರಿದಾಗಲೆಲ್ಲ ಇಲ್ಲಿನ ದರ ಕುಸಿಯುತ್ತದೆ. ಇದ್ಯಾವುದೂ ಬೆಳೆಗಾರನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಔಷಧ ಹೊಡೆಯುವ ಬ್ಲೋವರಿನ ಟ್ಯಾಂಕು.

ಉಳಿಕೆಯ ಮಿತಿಯ ವಿಷಯ ಬೇರೆ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆಯ ಜೊತೆಗೇ ಎಸ್‌ಪಿಎಸ್ ಒಪ್ಪಂದವೂ ಜಾರಿಗೆ ಬಂತು. ಆಹಾರದ ಸುರಕ್ಷತೆ ಮತ್ತು ಸಸ್ಯಗಳ ಆರೋಗ್ಯಕ್ಕೆ ಸಂಬಂಧಿಸಿದ ಈ ಒಪ್ಪಂದದ ಪ್ರಕಾರ, ವೈಜ್ಞಾನಿಕ ಆಧಾರ ತೋರಿಸಿ ಪ್ರತಿ ದೇಶವೂ ತನ್ನ ಮಿತಿಯನ್ನು ತಾನೇ ಇಟ್ಟುಕೊಳ್ಳಬಹುದು. ಕೋಡೆಕ್ಸ್ ಸಂಸ್ಥೆಯ ಅಂತರರಾಷ್ಟ್ರೀಯ ಮಿತಿಗಳಿಗಿಂತ ಬಿಗಿಯಾದ ಮಿತಿಗೂ ಅವಕಾಶವಿದೆ. ಹೀಗಾಗಿ ಸುಂಕ ಸೊನ್ನೆಯಾದ ಮಾರುಕಟ್ಟೆಯಲ್ಲೂ ಉಳಿಕೆಯ ಮಿತಿ ಇದ್ದಲ್ಲೇ ಇರುತ್ತದೆ, ಇನ್ನೂ ಇಳಿಯಲೂಬಹುದು. ಇದೇ ಒಪ್ಪಂದದ ಬಲದ ಮೇಲೆ, ಹಣ್ಣುನೊಣದ ಕಾರಣ ಕೊಟ್ಟು ಯುರೋಪು 2014ರ ಮೇ 1ರಿಂದ ಭಾರತದ ಮಾವನ್ನು ನಿಲ್ಲಿಸಿತ್ತು. ಮರುವರ್ಷ ಬಾಗಿಲು ತೆರೆದದ್ದು ಪ್ಯಾಕ್ ಹೌಸ್‌ಗಳಲ್ಲಿ ತಪಾಸಣೆ, ಉಪಚಾರಗಳ ವ್ಯವಸ್ಥೆ ಬಿಗಿಯಾದ ಮೇಲೆ. ಸುಂಕಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಯುರೋಪಿನ ಪಟ್ಟಿಯಲ್ಲಿ ಪ್ರತ್ಯೇಕ ಮಿತಿ ನಮೂದಾಗದ ಔಷಧಕ್ಕೆ ತಾನಾಗಿ ಅನ್ವಯಿಸುವ ಮಿತಿ ಕಿಲೋಗೆ 0.01 ಮಿ.ಗ್ರಾಂ. ಈ ಅಂಕಿ ಎಷ್ಟು ಸಣ್ಣದೆಂಬುದು ಲೆಕ್ಕ ಹಾಕಿದರೆ ಮಾತ್ರ ತಲೆಗೆ ಹೋಗುತ್ತದೆ. 13 ಟನ್ ದ್ರಾಕ್ಷಿ ತುಂಬಿದ ಒಂದು ಕಂಟೇನರಿನಲ್ಲಿ ಒಟ್ಟು ಇರಬಹುದಾದ ವಿಷ 130 ಮಿ.ಗ್ರಾಂ, ಅಂದರೆ ಒಂದು ಚಿಟಿಕೆ ಉಪ್ಪಿನಷ್ಟು. 20 ಇ.ಸಿ. ಕ್ಲೋರ್‌ಪೈರಿಫಾಸ್ ಲೆಕ್ಕದಲ್ಲಿ ಡಬ್ಬದಿಂದ ಮುಕ್ಕಾಲು ಮಿ.ಲೀ. ಕೂಡ ಆಗದು. ಕ್ಲೋರ್‌ಪೈರಿಫಾಸ್‌ಗೆ ಯುರೋಪಿನಲ್ಲಿ 2020ರ ನವೆಂಬರ್ 13ರಿಂದ ಇದೇ 0.01 ಮಿತಿ ಇದೆ. ಹಿಟ್ಟು ತಿಗಣೆಗೆಂದು ಇದನ್ನು ಕಾಂಡಕ್ಕೆ ಬಳಿಯುವವರು ಇಂದಿಗೂ ಇದ್ದಾರೆ. ಬಳಿದದ್ದು ಕಾಂಡಕ್ಕೆ ತಾನೇ, ಗೊನೆಗಲ್ಲವಲ್ಲ ಎಂಬ ಸಮಜಾಯಿಷಿ ಪ್ರಯೋಗಾಲಯದ ಯಂತ್ರಕ್ಕೆ ಕೇಳಿಸುವುದಿಲ್ಲ.

2010ರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಕಲಿಸಿದ ಪಾಠವನ್ನು ಹಳೆಯ ಬೆಳೆಗಾರರು ಮರೆತಿಲ್ಲ. ಬಳ್ಳಿಯ ಓಟ ತಡೆದು ಕಣ್ಣಿನಲ್ಲಿ ಫಲ ಕಟ್ಟಿಸಲು ಬಳಸುವ ಈ ಬೆಳವಣಿಗೆ ನಿಯಂತ್ರಕವನ್ನು ತೋಟದವರು ಸಿಸಿಸಿ ಎಂದೇ ಕರೆಯುತ್ತಾರೆ. ಆಗ ಇದು ಇಲ್ಲಿನ ಪರೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ. ಯುರೋಪಿನ ಆಗಿನ ಮಿತಿ ಕಿಲೋಗೆ 0.05 ಮಿ.ಗ್ರಾಂ. ಅಲ್ಲಿ ಪರೀಕ್ಷಿಸಿದಾಗ ಉಳಿಕೆ ಮಿತಿ ದಾಟಿತ್ತು. ಕಂಟೇನರುಗಳು ಬಂದರುಗಳಲ್ಲೇ ನಿಂತವು, ರಫ್ತುದಾರರು ಮುಳುಗಿದರು, ಹಲವು ಬೆಳೆಗಾರರಿಗೆ ಬಾಕಿ ಹಣ ಸಿಗಲಿಲ್ಲ. ಬಳ್ಳಿಯೊಳಗೆ ಸೇರಿಕೊಂಡು ಬಹುಕಾಲ ಉಳಿಯುವುದು ಇದರ ಗುಣ. ಬಳಸಲೇಬೇಕಿದ್ದರೆ ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಮಾತ್ರ, ಶೇಕಡಾ 50ರ ದ್ರಾವಣ ಲೀಟರಿಗೆ 1 ಮಿ.ಲೀ., ಅಂದರೆ 500 ಪಿಪಿಎಂ. ಅಕ್ಟೋಬರ್ ಚಾಟ್ನಿಯ ನಂತರ ಒಂದು ಹನಿಯೂ ಬೇಡ. ಓಟ ಜೋರಾಗಿದೆ ಎಂದು ಲೀಟರಿಗೆ ನಾಲ್ಕೈದು ಮಿ.ಲೀ. ಸುರಿಯುವವರು ರಫ್ತಿನ ಆಸೆ ಬಿಟ್ಟು ಸುರಿಯಲಿ.

ಹಂಗಾಮಿನಿಂದ ಹಂಗಾಮಿಗೆ ತಪ್ಪದೆ ಮರುಕಳಿಸುವ ತಪ್ಪು ಒಂದೇ. ಡಬ್ಬದ ಮೇಲೆ ದ್ರಾಕ್ಷಿ ಎಂದು ಅಚ್ಚಾಗಿದೆ, ಅಂಗಡಿಯವನು ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ, ಸಾಕು ಎಂದುಕೊಳ್ಳುವುದು. ಡಬ್ಬದ ಮೇಲಿನ ಅನುಮತಿ 1968ರ ಕೀಟನಾಶಕ ಕಾಯ್ದೆಯಡಿ ಈ ದೇಶದೊಳಗೆ ಸಿಕ್ಕ ಅನುಮತಿ, ಮಾಲು ಕೊಳ್ಳುವ ದೇಶದ್ದಲ್ಲ. ಬುಪ್ರೊಫೆಜಿನ್ ಇಲ್ಲಿ ದ್ರಾಕ್ಷಿಯ ಹಿಟ್ಟು ತಿಗಣೆಗೆ ಒಪ್ಪಿತ ಔಷಧ, 25 ಎಸ್.ಸಿ. ಲೀಟರಿಗೆ 1ರಿಂದ 1.5 ಮಿ.ಲೀ., ಕೊಯ್ಲಿಗೆ 40 ದಿನ ಮುಂಚೆ. ಹಿಂದೆ ಇಷ್ಟು ಪಾಲಿಸಿದರೆ ನಡೆಯುತ್ತಿತ್ತು. 2019ರಲ್ಲಿ ಯುರೋಪು ಅದರ ಮಿತಿಯನ್ನು 0.01ಕ್ಕೆ ಇಳಿಸಿತು. ಡಬ್ಬ ಅದೇ, ಪ್ರಮಾಣ ಅದೇ, 40 ದಿನವೂ ಅದೇ, ಆದರೆ ಯುರೋಪಿಗೆ ಹೋಗುವ ಮಾಲಿಗೆ ಅದು ಇಂದು ಸಲ್ಲದು. ಮ್ಯಾಂಕೊಜೆಬ್‌ಗೆ ಯುರೋಪಿನಲ್ಲಿ ಇದ್ದ ಬಳಕೆಯ ಅನುಮತಿ 2020ರ ಕೊನೆಯಲ್ಲಿ ನವೀಕರಣವಾಗಲಿಲ್ಲ. ಅಲ್ಲಿ ಬಳಕೆ ನಿಂತ ಔಷಧದ ಮಿತಿ ಇಂದಲ್ಲ ನಾಳೆ ಇಳಿಯುತ್ತದೆ ಎಂದೇ ತಿಳಿಯಬೇಕು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ 2021ರಿಂದ ತನ್ನದೇ ಮಿತಿಗಳನ್ನು ಇಡುತ್ತಿದೆ. ಹೀಗಾಗಿ ಮಾಲು ಹೋಗುವುದು ರಾಟರ್‌ಡ್ಯಾಮಿಗೋ ಲಂಡನ್ನಿಗೋ ಎಂಬುದನ್ನೂ ಚಾಟ್ನಿಗೆ ಮುಂಚೆಯೇ ಕೇಳಿಟ್ಟುಕೊಳ್ಳಬೇಕು.

ಹೊಸ ಮಿತಿ ರಾತ್ರೋರಾತ್ರಿ ಬರುವುದಿಲ್ಲ. ಎಸ್‌ಪಿಎಸ್ ಒಪ್ಪಂದದಂತೆ ಅದನ್ನು ಮೊದಲು ಪ್ರಕಟಿಸಬೇಕು. ಪ್ರಕಟಣೆಗೂ ಜಾರಿಗೂ ನಡುವೆ ಸಾಮಾನ್ಯವಾಗಿ ಆರು ತಿಂಗಳಾದರೂ ಇರಬೇಕೆಂದು 2001ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ದೋಹಾ ಸಭೆಯಲ್ಲಿ ತೀರ್ಮಾನವಾಗಿದೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ರಫ್ತು ದ್ರಾಕ್ಷಿಗೆ ಬಳಸಬಹುದಾದ ಔಷಧಗಳ ಪಟ್ಟಿಯನ್ನು ಪ್ರಮಾಣ, ಉಳಿಕೆ ಮಿತಿ, ಕೊಯ್ಲಿಗೆ ಮುಂಚಿನ ದಿನಗಳ ಸಮೇತ ಪ್ರಕಟಿಸುತ್ತದೆ. ರಫ್ತಿನವರು ಅನೆಕ್ಷರ್ 5 ಎನ್ನುವುದು ಇದನ್ನೇ. ಕಳೆದ ವರ್ಷದ ಪಟ್ಟಿಯ ಜೆರಾಕ್ಸ್ ಪಂಪ್‌ಹೌಸಿನ ಗೋಡೆಗೆ ಅಂಟಿಸಿಕೊಂಡು ಈ ವರ್ಷವೂ ನಡೆಸುವುದು ಪಟ್ಟಿ ಇಲ್ಲದಿರುವುದಕ್ಕಿಂತ ಅಪಾಯ.

ಪ್ರಮಾಣಕ್ಕೆ ಬಂದರೆ, ಪೂರ್ತಿ ಎಲೆ ತುಂಬಿದ ಚಪ್ಪರಕ್ಕೆ ಎಕರೆಗೆ 400 ಲೀಟರ್ ನೀರು ಎಂಬ ಲೆಕ್ಕ. ಡೌನಿ ಮಿಲ್ಡ್ಯೂ ರೋಗಕ್ಕೆ ಮ್ಯಾಂಡಿಪ್ರೊಪಮಿಡ್ 23.4 ಎಸ್.ಸಿ. ಲೀಟರಿಗೆ 0.8 ಮಿ.ಲೀ., ಎಕರೆಗೆ 320 ಮಿ.ಲೀ., ಕೊಯ್ಲಿಗೆ 5 ದಿನ ಮುಂಚಿನವರೆಗೆ. ಡೌನಿಗೂ ಬೂದಿ ರೋಗಕ್ಕೂ ಆಗುವ ಅಜಾಕ್ಸಿಸ್ಟ್ರೋಬಿನ್ 23 ಎಸ್.ಸಿ. ಲೀಟರಿಗೆ 0.5 ಮಿ.ಲೀ., ಎಕರೆಗೆ 200 ಮಿ.ಲೀ., 7 ದಿನ. ಥ್ರಿಪ್ಸ್‌ಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಲೀಟರಿಗೆ 0.22 ಗ್ರಾಂ, ಎಕರೆಗೆ 88 ಗ್ರಾಂ, 25 ದಿನ. ಮ್ಯಾಂಕೊಜೆಬ್ 75 ಡಬ್ಲ್ಯೂ.ಪಿ. ಲೀಟರಿಗೆ 1.5ರಿಂದ 2 ಗ್ರಾಂ, ಆದರೆ 66 ದಿನ. ಮೆಟಲಾಕ್ಸಿಲ್ ಜೊತೆ ಬೆರೆತು ಬರುವ ಪುಡಿ ಲೀಟರಿಗೆ 2.5 ಗ್ರಾಂ, ಅದಕ್ಕೂ 66 ದಿನ. ಈ ಅಂಕಿಗಳನ್ನೂ ಆಯಾ ಹಂಗಾಮಿನ ಪಟ್ಟಿಗೆ ತಾಳೆ ನೋಡಿಯೇ ಬಳಸಬೇಕು. ಕೊನೆಯ ಒಂದು ತಿಂಗಳು ಬೂದಿ ರೋಗಕ್ಕೆ 80 ಡಬ್ಲ್ಯೂ.ಡಿ.ಜಿ. ಗಂಧಕ ಲೀಟರಿಗೆ 2 ಗ್ರಾಂ, ಇಲ್ಲವೇ ಜೈವಿಕ ಶಿಲೀಂಧ್ರಗಳು ಸಾಕು. ಆದರೆ ಅದೇ ಟ್ಯಾಂಕಿಗೆ ರಾಸಾಯನಿಕ ಶಿಲೀಂಧ್ರನಾಶಕ ಬೆರೆಸಿದರೆ ಜೈವಿಕದ್ದು ಸಾಯುತ್ತದೆ, ಕೊಟ್ಟ ದುಡ್ಡೂ ಹೋಗುತ್ತದೆ.

ಇಷ್ಟು ಪ್ರಮಾಣ ಪಾಲಿಸಿಯೂ ಫೇಲಾಗುವವರಿದ್ದಾರೆ. ಅವರ ತಪ್ಪು ದಿನದ ಲೆಕ್ಕದಲ್ಲಿ. ಅಕ್ಟೋಬರ್ 15ರಂದು ಚಾಟ್ನಿಯಾದ ತೋಟ 128 ದಿನಕ್ಕೆ, ಫೆಬ್ರುವರಿ 20ಕ್ಕೆ ಕೊಯ್ಲಿಗೆ ಬರುತ್ತದೆ ಎಂದುಕೊಂಡರೆ, 66 ದಿನ ಹಿಂದಕ್ಕೆ ಎಣಿಸಿದಾಗ ಮ್ಯಾಂಕೊಜೆಬ್ ಹೊಡೆಯುವ ಕೊನೆಯ ದಿನ ಡಿಸೆಂಬರ್ 16. ಚಾಟ್ನಿಯಾಗಿ ಆಗಿನ್ನೂ 62 ದಿನ. ಎಮಾಮೆಕ್ಟಿನ್‌ಗೆ ಕೊನೆಯ ದಿನ ಜನವರಿ 26, ಅಜಾಕ್ಸಿಸ್ಟ್ರೋಬಿನ್‌ಗೆ ಫೆಬ್ರುವರಿ 13, ಮ್ಯಾಂಡಿಪ್ರೊಪಮಿಡ್‌ಗೆ ಫೆಬ್ರುವರಿ 15. ಜನವರಿ ಮೊದಲ ವಾರ ಮೋಡ ಕವಿದು ನಾಲ್ಕು ಹನಿ ಬಿದ್ದರೆ ಗಾಬರಿಬಿದ್ದು ಮೂಲೆಯಲ್ಲಿದ್ದ ಮ್ಯಾಂಕೊಜೆಬ್ ಚೀಲ ಬಿಚ್ಚುವುದು ವಾಡಿಕೆ. ಆ ಒಂದು ಬೆಳಗಿನ ಹೊಡೆತಕ್ಕೆ ಇಡೀ ವರ್ಷದ ರಫ್ತು ಹೋಗುತ್ತದೆ. ಮೋಡಕ್ಕೂ ಉಪಾಯವಿದೆ: ಗೊನೆಯ ಸುತ್ತಲಿನ ಎಲೆ ತೆಗೆದು ಗಾಳಿ ಆಡಿಸುವುದು, 5 ಅಥವಾ 7 ದಿನದ ಔಷಧ ಬಳಸುವುದು. ಎಣಿಕೆಯನ್ನೂ ಅಂದಾಜಿನ ಕೊಯ್ಲಿನ ದಿನದಿಂದ ಅಲ್ಲ, ಅತಿ ಬೇಗ ಆಗಬಹುದಾದ ಕೊಯ್ಲಿನ ದಿನದಿಂದ ಮಾಡಬೇಕು. ಒಳ್ಳೆಯ ದರ ಸಿಕ್ಕರೆ ರಫ್ತುದಾರ ಎಂಟು ದಿನ ಮುಂಚೆಯೇ ಕತ್ತರಿ ಹಿಡಿದು ಬರುತ್ತಾನೆ, ಆಗ ಎಲ್ಲ ಕೊನೆಯ ದಿನಗಳೂ ಎಂಟು ದಿನ ಹಿಂದೆ ಸರಿಯುತ್ತವೆ.

ಲೇಬಲ್ಲಿನಲ್ಲಿ ಒಳಗೇನಿದೆ ಎಂದೇ ಬರೆಯದ ಬಯೋ ಬಾಟಲಿಗಳು ಇನ್ನೊಂದು ಪಿಡುಗು. ಎರಡೇ ದಿನದಲ್ಲಿ ಹುಳು ಉದುರಿಸುವ ಬೇವಿನ ಕಷಾಯ ಎಲ್ಲೂ ಇಲ್ಲ. ಹಾಗೆ ಉದುರಿತೆಂದರೆ ಒಳಗೆ ಬೇರೆ ಔಷಧ ಬೆರೆತಿದೆ ಎಂದೇ ಅರ್ಥ. ಪ್ರಯೋಗಾಲಯ ಅದನ್ನು ಹೆಸರು ಹಿಡಿದು ಹೇಳುತ್ತದೆ. ಬಾಡಿಗೆ ಬ್ಲೋವರ್ ಕೂಡ ಹೀಗೆಯೇ. ಹಿಂದಿನ ದಿನ ಪಕ್ಕದ ದಾಳಿಂಬೆ ತೋಟಕ್ಕೆ ಹೊಡೆದ ಟ್ಯಾಂಕನ್ನು ನೀರಾಡಿಸಿ ಚೆಲ್ಲಿದರೆ ತೊಳೆದಂತಲ್ಲ. ಪೈಪು, ನಾಜಲ್, ಜಾಳಿಗೆ ಬಿಚ್ಚಿ ಮೂರು ಸಲ ತೊಳೆಯಬೇಕು. 0.01 ಎಂಬ ಅಂಕಿಯ ಮುಂದೆ ಜಾಳಿಗೆಗೆ ಮೆತ್ತಿದ ಪದರವೇ ಹೆಚ್ಚಾದೀತು.

ಯುರೋಪಿಗೆ ಮಾಲು ಕಳಿಸುವ ತೋಟ ತೋಟಗಾರಿಕೆ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಕೃಷಿ ರಫ್ತನ್ನು ಉತ್ತೇಜಿಸುವ ಅಪೆಡಾ ಸಂಸ್ಥೆ 2006ರಲ್ಲಿ ಶುರುಮಾಡಿದ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ಪ್ರತಿ ತೋಟಕ್ಕೂ ಒಂದು ಸಂಖ್ಯೆ ಇರುತ್ತದೆ. ಪೆಟ್ಟಿಗೆಯ ಮೇಲಿನ ಗುರುತಿನಿಂದ ಯಾವ ತೋಟದ ಹಣ್ಣು ಎಂಬುದನ್ನು ಹಾಲೆಂಡಿನಲ್ಲಿ ಕುಳಿತೂ ಹುಡುಕಬಹುದು. ಮಾನ್ಯತೆ ಪಡೆದ ಪ್ರಯೋಗಾಲಯದವರೇ ತೋಟಕ್ಕೆ ಬಂದು ಸ್ಯಾಂಪಲ್ ತೆಗೆಯುತ್ತಾರೆ. ತೆಗೆದ ಮೇಲೆ ಏನನ್ನೂ ಹೊಡೆಯುವಂತಿಲ್ಲ. ಸ್ಯಾಂಪಲ್ ಪಾಸಾಯಿತೆಂಬ ಧೈರ್ಯದಲ್ಲಿ ಒಂದು ಸುತ್ತು ಹೊಡೆದುಬಿಡುವವರ ಮಾಲು ಇಲ್ಲಿ ಪಾಸಾಗಿ ಅಲ್ಲಿ ಸಿಕ್ಕಿಬೀಳುತ್ತದೆ. ಆಗ ನಷ್ಟ ಆ ಒಬ್ಬನಿಗೆ ಮುಗಿಯುವುದಿಲ್ಲ, ಇಡೀ ದೇಶದ ಹಣ್ಣಿನ ಮೇಲೆ ತಪಾಸಣೆ ಬಿಗಿಯಾಗುತ್ತದೆ. ಭಾರತದ ಬೆಂಡೆ, ಕರಿಬೇವುಗಳಿಗೆ ಯುರೋಪಿನ ಗಡಿಯಲ್ಲಿ ಹೆಚ್ಚುವರಿ ತಪಾಸಣೆ ಬಿದ್ದದ್ದು ಉಳಿಕೆಯ ಕಾರಣಕ್ಕೇ.

ಫೇಲಾದ ದ್ರಾಕ್ಷಿಯನ್ನು ಒಣಗಿಸಿದರೆ ಆಯಿತು ಎಂಬುದೂ ಪೂರ್ತಿ ನಿಜವಲ್ಲ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ. ನೀರು ಆರುತ್ತದೆ, ಔಷಧದಲ್ಲಿ ಬಹುಪಾಲು ಉಳಿದು ಕಿಲೋಗೆ ಮೂರು ನಾಲ್ಕು ಪಟ್ಟು ಗಟ್ಟಿಯಾಗಬಹುದು. ಒಣದ್ರಾಕ್ಷಿಯನ್ನೂ ಹೊರದೇಶಕ್ಕೆ ಕಳಿಸುವ ಯೋಚನೆಯಿದ್ದರೆ ತೋಟದಲ್ಲಿ ಇದೇ ಪಟ್ಟಿ, ಇದೇ ದಿನಗಳ ಲೆಕ್ಕ.

ರಫ್ತಿಗೆ ಸಿಗುವ ಸಹಾಯಧನಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸಾಗಣೆ ವೆಚ್ಚಕ್ಕೆ ಕೇಂದ್ರ ಸರಕಾರ 2019ರಲ್ಲಿ ಒಂದು ಯೋಜನೆ ತಂದಿತ್ತು. ಅಂಥ ನೆರವಿಗೆ ಅಭಿವೃದ್ಧಿಶೀಲ ದೇಶಗಳಿಗೆ ಇದ್ದ ವಿನಾಯಿತಿ ವಿಶ್ವ ವ್ಯಾಪಾರ ಸಂಘಟನೆಯ 2015ರ ನೈರೋಬಿ ತೀರ್ಮಾನದ ಪ್ರಕಾರ 2023ರ ಕೊನೆಗೆ ಮುಗಿಯಬೇಕಿತ್ತು. ಆ ಯೋಜನೆಯ ದುಡ್ಡು ಹೋಗುತ್ತಿದ್ದದ್ದೂ ರಫ್ತುದಾರನ ಖಾತೆಗೆ. ಅಂಥದ್ದನ್ನು ನೆಚ್ಚಿಕೊಂಡು ತೋಟದ ಖರ್ಚು ಹಾಕಬಾರದು.

ಸ್ಯಾಂಪಲ್ ತೆಗೆಯಲು ಬಂದವರು ಮೊದಲು ಕೇಳುವುದು ಸಿಂಪರಣೆ ಪುಸ್ತಕವನ್ನು. ಅದರಲ್ಲಿ ಹೊಡೆದ ತಾರೀಕು, ಔಷಧದ ಮೂಲ ಹೆಸರು, ಡಬ್ಬದ ಬ್ಯಾಚ್ ಸಂಖ್ಯೆ, ಲೀಟರಿಗೆ ಎಷ್ಟು, ಒಟ್ಟು ನೀರೆಷ್ಟು, ಕೊಯ್ಲಿಗೆ ಬಿಡಬೇಕಾದ ದಿನವೆಷ್ಟು ಎಂಬುದು ಹೊಡೆದ ದಿನವೇ ಬರೆದಿರಬೇಕು. ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ನಾಲ್ಕು ತಿಂಗಳದ್ದನ್ನು ತುಂಬಿಸಿದ ಪುಸ್ತಕ ನೋಡಿದೊಡನೆ ಗೊತ್ತಾಗುತ್ತದೆ. ತೋಟದ ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಆ ಅರ್ಜಿ ಕೊಡುವ ದಿನವೇ ಹೊಸ ಹಂಗಾಮಿನ ಪಟ್ಟಿಯನ್ನೂ ಕೇಳಿ ತಂದು, ಗೋಡೆಯ ಮೇಲಿನ ಹಳೆಯದನ್ನು ಹರಿದು ಹಾಕಬೇಕು.