ಬರೆದವಳೇ ಆಡಿದಾಗ

ದು. ಸರಸ್ವತಿಯವರ ‘ಸಣ್ತಿಮ್ಮಿ ರಾಮಾಯಣ’ ನೋಡಿದ ಮೇಲೆ ನಾಟಕದ ಬಗ್ಗೆ ನನಗಿದ್ದ ತಿಳಿವಳಿಕೆಯೇ ಬದಲಾಯಿತು. ಕವಿ, ಕತೆಗಾರ್ತಿ, ದಲಿತ ಮತ್ತು ಮಹಿಳಾ ಚಳವಳಿಗಳಲ್ಲಿ ದುಡಿದವರು ಅವರು. ತಾವೇ ಬರೆದು, ತಾವೊಬ್ಬರೇ ಆಡುತ್ತಾರೆ. ಹಳ್ಳಿಯ ಹೆಂಗಸೊಬ್ಬಳು ತನ್ನ ಮಾತಲ್ಲಿ, ತನ್ನ ಲೋಕಜ್ಞಾನದಲ್ಲಿ ರಾಮಾಯಣ ಹೇಳುತ್ತಾ ಹೋದರೆ ನಗುನಗುತ್ತಲೇ ಎದೆ ಭಾರವಾಗುತ್ತದೆ.

ನಮ್ಮ ಅಂಬಾಜಿದುರ್ಗ ಹೋಬಳಿಯಲ್ಲಿ ನಾಟಕ ಅಂದರೆ ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಊರ ಗಂಡಸರು ತಿಂಗಳುಗಟ್ಟಲೆ ಕಂದಪದ್ಯ ಕಲಿಯುತ್ತಾರೆ. ದ್ರೌಪದಿ, ರುಕ್ಮಿಣಿಯರ ಪಾತ್ರಕ್ಕೆ ನಟಿಯರು ಹೊರಗಿನಿಂದ ಬರುತ್ತಾರೆ. ಸಂಜೆ ಬಸ್ಸಿಳಿದು, ಮೇಷ್ಟ್ರ ಜೊತೆ ಶ್ರುತಿ ನೋಡಿಕೊಂಡು, ಬೆಳಗಿನವರೆಗೆ ಹಾಡಿ ಹೋಗುವ ಆ ಕಲಾವಿದೆಯರ ಮುಂದೆ ನಾನು ಇಂದಿಗೂ ಕೈಮುಗಿಯುತ್ತೇನೆ. ಆದರೆ ಅವರು ಆಡುವ ಒಂದು ಮಾತೂ ಅವರದಲ್ಲ. ಬೆಂಗಳೂರಿನಲ್ಲಿ ಆರ್. ನಾಗರತ್ನಮ್ಮ 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನ ಪಾತ್ರವನ್ನೂ ಹೆಂಗಸರ ಕೈಗೆ ತಂದರು. ಪಾತ್ರ ಸಿಕ್ಕಿತು. ಲೇಖನಿಯೂ ಆಡುವವಳದೇ ಆದರೆ ಎಷ್ಟು ದೂರ ಹೋಗಬಹುದೆಂದು ಸರಸ್ವತಿಯವರು ತೋರಿಸಿದರು.

ಆ ಧೈರ್ಯದ ಮೇಲೆ ನಮ್ಮ ಮಹಿಳಾ ಸಂಘಕ್ಕಾಗಿ ಮಂಡೋದರಿಯ ಮೇಲೆ ಸಣ್ಣದೊಂದು ಏಕವ್ಯಕ್ತಿ ನಾಟಕ ಬರೆದು ನಾನೇ ಆಡಿದೆ. ಕಲಿತದ್ದೆಲ್ಲ ರೇಷ್ಮೆ ಹುಳುಮನೆಯಲ್ಲಿ. ನಮ್ಮ ದೊಡ್ಡಮ್ಮ ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ತಮ್ಮ ಮದುವೆಯ ಕತೆ ಹೇಳುತ್ತಿದ್ದರು, ಅರ್ಧ ತೆಲುಗು, ಅರ್ಧ ಕನ್ನಡ. ಬೆರಳು ನೋಡದೆಯೇ ಗೂಡು ಹುಡುಕುತ್ತಿತ್ತು. ಕಿತ್ತದ್ದು ಬುಟ್ಟಿಗೆ, ಮತ್ತೆ ಇನ್ನೊಂದು. ತವರಿಗೆ ವಾಪಸು ಬಂದ ದಿನದ ಮಾತು ಬಂದಾಗ ಕೈ ನಿಂತಿತು. ಅವರು ಅಳಲಿಲ್ಲ, ದನಿಯೂ ನಡುಗಲಿಲ್ಲ. ರಾವಣನ ಸುದ್ದಿ ಕೇಳಿದ ಮಂಡೋದರಿಗೆ ನಾನು ಕೊಟ್ಟದ್ದು ಆ ನಿಂತ ಕೈಯನ್ನೇ. ಅಲ್ಲಿ ಮೊದಲು ಬರೆದಿದ್ದ ಉದ್ದನೆಯ ವಿಲಾಪವನ್ನೆಲ್ಲ ಹೊಡೆದುಹಾಕಿದೆ. ನಾಲಿಗೆಗೆ ಒಗ್ಗದ ಮಾತು ಎಷ್ಟೇ ಚೆಂದವಿದ್ದರೂ ರಂಗದ ಮೇಲೆ ನಿಲ್ಲುವುದಿಲ್ಲ. ಆಡಿದವಳಿಗಷ್ಟೇ ಅದು ತಕ್ಷಣ ಗೊತ್ತಾಗುತ್ತದೆ. ನಾಟಕದಲ್ಲೂ ದೊಡ್ಡಮ್ಮನ ಹಾಗೆ ಭಾಷೆ ಬೆರೆಸಿದ್ದಕ್ಕೆ ಒಬ್ಬಿಬ್ಬರು ಮುಖ ಸಿಂಡರಿಸಿದರು. ಕನ್ನಡ, ತೆಲುಗು ಎರಡರಲ್ಲೂ ಹಾಡು ಕಟ್ಟಿದ ಕೈವಾರದ ತಾತಯ್ಯನ ನೆಲದಲ್ಲಿ ಅದನ್ನು ಸಮರ್ಥಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಮುಂದಿನ ಜಾತ್ರೆಗೆ ಬರುವ ನಟಿಗೆ, ಆಕೆ ಒಪ್ಪಿದರೆ, ನಡುವೆ ಹತ್ತು ನಿಮಿಷ ಬಿಟ್ಟುಕೊಡಿ, ದ್ರೌಪದಿಯಾಗಿ ತನ್ನದೇ ಮಾತು ಆಡಲಿ ಎಂದು ಮೇಷ್ಟ್ರನ್ನು ಕೇಳಿದ್ದೇನೆ. ಊರಿನವರನ್ನು ಒಪ್ಪಿಸಿ ಬಾರಮ್ಮ ಎಂದಿದ್ದಾರೆ. ಮನೆಮನೆಗೆ ಹೋಗುತ್ತಿದ್ದೇನೆ.